ಮೂಗಿನ ಸಿಟಿಯಲ್ಲೇ ಕಿವಿಯನ್ನೂ ಕೇಳಿ: ಚಾರ್ಜ್ ಸಿಂಡ್ರೋಮ್ ಹಿಡಿಯುವ ನನ್ನ ದಾರಿ

"ಹಸುಗೂಸಿಗೆ ಕಿವಿಯ ಸಿಟಿ ಯಾಕ್ರೀ?" ಎಂದು ಕೇಳುತ್ತಿದ್ದವರು ಈಗ ತಾವೇ ಫಾರ್ಮಿನಲ್ಲಿ ಬರೆದು ಕಳಿಸುತ್ತಾರೆ. ಚಾರ್ಜ್ ಎಂದರೆ ಕಣ್ಣು, ಮೂಗು, ಕಿವಿ, ಹೃದಯ ಮುಂತಾದವುಗಳಲ್ಲಿ ಹುಟ್ಟಿನಿಂದಲೇ ಒಟ್ಟಿಗೆ ದೋಷ ಬರುವ ಜೀನ್ ಕಾಯಿಲೆ. ಮೂಗಿನ ಹಿಂಬಾಗಿಲು ಮುಚ್ಚಿದ (ಕೊಯೇನಲ್ ಅಟ್ರೀಸಿಯಾ) ಕೂಸಿಗೆ ಸಿಟಿ ಹೇಗೂ ಆಗಲೇಬೇಕು. ಒಳಗಿವಿ ಇರುವ ಟೆಂಪೊರಲ್ ಬೋನನ್ನೂ ಅದೇ ಸಲ 1 ಮಿ.ಮೀ.ಗಿಂತ ತೆಳು ಸ್ಲೈಸಿನಲ್ಲಿ ತೆಗೆಸಿದರೆ ಕೂಸನ್ನು ಎರಡನೇ ಸಲ ಮಲಗಿಸುವ ಪಾಡಿಲ್ಲ. 'ಸೆಮಿಸರ್ಕ್ಯುಲರ್ ಕೆನಾಲ್ (ಸಮತೋಲನ ಕಾಯುವ ಒಳಗಿವಿಯ ಕೊಳವೆ) ಇದೆಯೇ?' ಎಂದು ನೇರವಾಗಿ ಕೇಳಿ, ಇಲ್ಲವಾದರೆ ರಿಪೋರ್ಟಿನಲ್ಲಿ ಆ ಸಾಲೇ ಇರುವುದಿಲ್ಲ.

ಕೆನಾಲ್‌ಗೆ ಇಷ್ಟು ಬೆಲೆ ಯಾಕೆಂದರೆ, ಚಾರ್ಜ್ ಗುರುತಿಸಲು ತಳಿತಜ್ಞ ವೆರ್ಲೂಸ್ ಕೊಟ್ಟ 2005ರ ಲೆಕ್ಕದಲ್ಲಿ ಕೊಲೊಬೋಮಾ (ಕಣ್ಣಿನ ಪದರದಲ್ಲಿ ಹುಟ್ಟಿನ ಬಿರುಕು), ಕೊಯೇನಲ್ ಅಟ್ರೀಸಿಯಾ, ಕೆನಾಲ್ ದೋಷ ಈ ಮೂರೇ ದೊಡ್ಡ ಲಕ್ಷಣಗಳು. ಕಣ್ಣು ಸರಿಯಿದ್ದರೂ ಉಳಿದೆರಡರ ಜೊತೆ ಕಿವಿಯ ಆಕಾರ ಮತ್ತು ಹೃದಯದ ದೋಷ ಸೇರಿದರೆ ರೋಗನಿರ್ಣಯ ಮುಗಿಯಿತು.

ಕ್ಯಾತಿಟರ್‌ನಲ್ಲೇ ಹೆಚ್ಚು ಎಡವಿದ್ದು. ಮೂಗು ಮುಚ್ಚಿದೆಯೇ ಎಂದು ನೋಡಲು 6 ಫ್ರೆಂಚ್ ಗಾತ್ರದ ಟ್ಯೂಬನ್ನು ಮೂಗಿನ ನೆಲಕ್ಕೆ ತಾಗಿಸಿ ನೇರ ಹಿಂದಕ್ಕೆ ತಳ್ಳಬೇಕು. ಮೇಲಕ್ಕೆ ತಿರುಗಿದರೆ ಮೂಗಿನೊಳಗಿನ ಉಬ್ಬು ಮೂಳೆ ಟರ್ಬಿನೇಟ್‌ಗೆ ಬಡಿದು ನಿಲ್ಲುತ್ತದೆ, ಸುಳ್ಳು ಅಟ್ರೀಸಿಯಾ ಸಿಕ್ಕಂತಾಗುತ್ತದೆ. ನಿಜವಾದದ್ದು ಹೊಳ್ಳೆಯಿಂದ ಸುಮಾರು 3ರಿಂದ 3.5 ಸೆಂ.ಮೀ.ನಲ್ಲಿ ಗಟ್ಟಿಯಾಗಿ ತಡೆಯುತ್ತದೆ. ಮೆತ್ತನೆ ಟ್ಯೂಬ್ ಒಳಗೇ ಸುರುಳಿ ಸುತ್ತಿಕೊಂಡು 'ಹೋಯಿತು' ಅನ್ನಿಸುವುದೂ ಉಂಟು. ತುದಿ ಗಂಟಲಲ್ಲಿ ಕಣ್ಣಿಗೆ ಕಂಡರೆ ಮಾತ್ರ ನಂಬಿ. ತಣ್ಣನೆ ಸ್ಪ್ಯಾಚುಲಾ ಹಿಡಿದು ಹಬೆ ನೋಡುವ ಪ್ರಯೋಗವನ್ನೂ ಮಾಡಿದೆ, ಬಾಯುಸಿರೇ ಮಂಜಾಗಿ ಕೂತು ಮೋಸ ಮಾಡಿತು. ಎರಡೂ ಕಡೆ ಮುಚ್ಚಿದ್ದರೆ ಕೂಸು ಸುಮ್ಮನಿದ್ದಾಗ ನೀಲಿ, ಅತ್ತಾಗ ಕೆಂಪು, ಬಾಯಿಗೆ ಏರ್‌ವೇ (ಉಸಿರಾಟದ ಕೊಳವೆ) ಕೂಡಲೇ ಬೇಕು. ಒಂದೇ ಕಡೆಯದು ತಪ್ಪಿಸಿಕೊಳ್ಳುತ್ತದೆ, ಹಾಗಾಗಿ ಎರಡೂ ಹೊಳ್ಳೆಗೆ ಹಾಕಿ. ಸಿಟಿಗೆ ಮುಂಚೆ ಸಲೈನ್ ಬಿಟ್ಟು ಸಕ್ಷನ್ ಮಾಡದಿದ್ದರೆ ಸಿಂಬಳವೇ ಪರದೆಯಾಗಿ ಕಾಣುತ್ತದೆ.

ಚಾರ್ಜ್ ಇದ್ದರೆ ಕಿವಿ ಗಿಡ್ಡ, ಅಗಲ, ಹಾಲೆ ಸಣ್ಣದು ಅಥವಾ ಇರುವುದೇ ಇಲ್ಲ. ಅಳುವಾಗ ಬಾಯಿ ಒಂದೇ ಕಡೆಗೆ ಎಳೆಯುತ್ತದೆಯೇ ನೋಡಿ, ಫೇಶಿಯಲ್ ನರದ ದೋಷ ಹಾಗೇ ಸಿಗುತ್ತದೆ. ಐರಿಸ್ ನೆಟ್ಟಗಿದೆ ಎಂದು ಕಣ್ಣನ್ನು ಬಿಡಬೇಡಿ, ಕೊಲೊಬೋಮಾ ರೆಟಿನಾದಲ್ಲಿ ಅಡಗಿರುತ್ತದೆ. ಆರ್‌ಒಪಿ (ದಿನ ತುಂಬದೆ ಹುಟ್ಟಿದ ಕೂಸುಗಳ ರೆಟಿನಾ ರೋಗ) ನೋಡಲು ಬರುವ ಕಣ್ಣಿನ ವೈದ್ಯರ ಸರದಿಗೆ ಈ ಕೂಸುಗಳನ್ನೂ ಸೇರಿಸುತ್ತೇನೆ, ಹನಿ ಹಾಕುವ ಖರ್ಚಷ್ಟೇ.

ದುಡ್ಡು ಕಳೆದದ್ದು ಜೀನ್ ಪರೀಕ್ಷೆಯ ಸರದಿಯಲ್ಲಿ. ಹೃದಯದ ದೋಷ, ಕ್ಯಾಲ್ಸಿಯಂ ಕಡಿಮೆ ಕಂಡೊಡನೆ 22 ಕ್ಯೂ 11ಕ್ಕೆ (22ನೇ ಕ್ರೋಮೋಸೋಮಿನ ತುಣುಕು ಕಳೆದುಹೋಗುವ ಬೇರೆ ಕಾಯಿಲೆ) ಫಿಶ್ ಎಂಬ ಕ್ರೋಮೋಸೋಮ್ ಪರೀಕ್ಷೆ ಮಾಡಿಸುತ್ತಿದ್ದೆ. ಇವೆರಡೂ ಚಾರ್ಜ್‌ನಲ್ಲೂ ಬರುತ್ತವೆ. ಈಗ ಕೆನಾಲ್ ಇಲ್ಲವೆಂದು ಕಂಡರೆ ನೇರ ಚಾರ್ಜ್‌ನ ಜೀನ್ ಸಿಎಚ್‌ಡಿ7ರ ಪರೀಕ್ಷೆ. ಅದು ನೆಗೆಟಿವ್ ಬಂದರೂ ಲಕ್ಷಣ ನೋಡಿ ಕೊಟ್ಟ ಹೆಸರು ಬದಲಾಗುವುದಿಲ್ಲ.

ಚಾರ್ಜ್‌ನಲ್ಲಿ ಲೈಂಗಿಕ ಹಾರ್ಮೋನುಗಳೂ ಕಡಿಮೆ ಇರಬಹುದು. ಗಂಡು ಕೂಸಾದರೆ ಎಳೆದು ಅಳೆದ ಲಿಂಗ 2.5 ಸೆಂ.ಮೀ.ಗಿಂತ ಕಡಿಮೆಯೇ, ವೃಷಣ ಇಳಿದಿವೆಯೇ ನೋಡಿ. ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟಿರೋನ್ ಎಂಬ ಈ ಹಾರ್ಮೋನುಗಳಿಗೆ 1ರಿಂದ 3 ತಿಂಗಳೊಳಗೆ, ಅವು ತಾವಾಗಿ ಏರುವ ಹೊತ್ತಿನಲ್ಲಿ, ರಕ್ತ ತೆಗೆಯಿರಿ. ಆಮೇಲೆ ಆ ಕಿಟಕಿ ಮುಚ್ಚಿ, ಹರೆಯದವರೆಗೆ ಕಾಯಬೇಕಾಗುತ್ತದೆ.

ಒಂದೇ ಹೊಳ್ಳೆ ಮುಚ್ಚಿದ ಕೂಸನ್ನು ಸೆಡೇಶನ್ ಇಲ್ಲದೆ ಸಿಟಿ ಮೇಜಿನ ಮೇಲೆ ಮಲಗಿಸಲು ಬಟ್ಟೆ ಸುತ್ತುವ ಒಂದು ಕ್ರಮ ನನ್ನ ಹತ್ತಿರ ಇದೆ. ಬರೆದು ತಿಳಿಸುವಂಥದ್ದಲ್ಲ, ಬಂದು ನೋಡಿ.