ಏನೂ ಮಾಡದ ಹುಡುಗಿಯ ಚಿತ್ರಪುಸ್ತಕ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಪಿಕಳಾರ ಹಕ್ಕಿ ಎದೆಮಟ್ಟದ ಗಿಡದಲ್ಲೇ ಗೂಡು ಕಟ್ಟುತ್ತದೆ. ಮೊಟ್ಟೆ ಎರಡೋ ಮೂರೋ. ಮರಿಗಳು ಎರಡು ವಾರ ತುಂಬುವ ಹೊತ್ತಿಗೆ, ಇನ್ನೂ ಸರಿಯಾಗಿ ಹಾರಲು ಬಾರದೆಯೇ, ಗೂಡಿನಿಂದ ಹೊರಬೀಳುತ್ತವೆ. ಆಗ ನಮ್ಮ ಶಾಲೆಯ ಮಕ್ಕಳ ಕೈಗೆ ಸಿಗುತ್ತವೆ. ಟೋಪಿಯಲ್ಲಿ ಕೂತು ಕ್ಲಾಸಿಗೆ ಬರುವಷ್ಟರಲ್ಲಿ ಮರಿಯ ಬಾಯಿಗೆ ಬಿಸ್ಕತ್ತು ತುರುಕಿ ಆಗಿರುತ್ತದೆ. ಎಲ್ಲ ಪ್ರೀತಿಯಿಂದಲೇ. ಬೈದು ಪ್ರಯೋಜನವಿಲ್ಲ ಅನ್ನಿಸಿ, ಅವರನ್ನೇ ಸೇರಿಸಿಕೊಂಡು ಒಂದು ಚಿತ್ರಪುಸ್ತಕ ಮಾಡಿದೆ.

ತೊಡಕು ಇದ್ದದ್ದು ಕಥೆಯಲ್ಲಿ. ಪುಕ್ಕ ಬಂದ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ನಾವು ದೂರ ಸರಿದರೆ ಸಾಕು. ಅಪ್ಪ ಅಮ್ಮ ಹುಳ ಕಚ್ಚಿಕೊಂಡು ಅಲ್ಲೇ ಎಲ್ಲೋ ಕಾಯುತ್ತಿರುತ್ತವೆ, ನಾವು ನಿಂತಿದ್ದರೆ ಇಳಿಯುವುದಿಲ್ಲ. ಆದರೆ ಕಥೆಯ ಹುಡುಗಿ ಸುಮ್ನೆ ನಿಂತುಬಿಟ್ಟರೆ ಯಾರು ಓದುತ್ತಾರೆ? "ಮಿಸ್, ಅವಳು ಏನೂ ಮಾಡಲ್ವಾ?" ಎಂದು ಮೂರನೇ ಕ್ಲಾಸಿನವರು ಮುಖ ಸಿಂಡರಿಸಿದರು.

ಅದಕ್ಕೆ ಪ್ರತಿ ಪುಟದಲ್ಲೂ ತಾಯಿಹಕ್ಕಿಯನ್ನು ಬಚ್ಚಿಟ್ಟೆ. ಬರೆದ ಸಾಲಿನಲ್ಲಿ ಅದರ ಸುದ್ದಿಯೇ ಇಲ್ಲ, "ಮರಿ ಒಂಟಿ" ಎಂದಷ್ಟೇ ಇದೆ. ಚಿತ್ರದಲ್ಲಿ ನೋಡಿದರೆ ಸಿಲ್ವರ್ ಮರದ ಹಿಂದೆ ಒಂದು ಕಪ್ಪು ಜುಟ್ಟು, ಮೆಣಸಿನ ಬಳ್ಳಿಯ ನಡುವೆ ಕೆಂಪು ಕೆನ್ನೆ. ಹುಡುಗಿ ಪುಟಕ್ಕೊಂದು ಹೆಜ್ಜೆ ಹಿಂದೆ ಹೋಗುತ್ತಾಳೆ, ಹಕ್ಕಿ ಒಂದೊಂದೇ ಕೊಂಬೆ ಕೆಳಗಿಳಿಯುತ್ತದೆ. ಮಕ್ಕಳು "ಅಲ್ಲಿದೆ, ಅಲ್ಲಿದೆ" ಎಂದು ಕೂಗತೊಡಗಿದರು. ಹುಡುಗಿಗೆ ಗೊತ್ತಿಲ್ಲದ್ದು ತಮಗೆ ಗೊತ್ತು ಎನ್ನುವ ಜಂಬ ಇದೆಯಲ್ಲ, ಪುಟ ತಿರುಗಿಸಲು ಅಷ್ಟು ಸಾಕು.

ಬಣ್ಣ ಹಾಕುವಾಗ ಎಲ್ಲರೂ ಮರಿಗೂ ಕೆಂಪು ಕೆನ್ನೆ ಬಳಿದಿದ್ದರು. ಪಿಕಳಾರದ ಮರಿಗೆ ಆ ಕೆಂಪು ಇರುವುದಿಲ್ಲ. ನಾನು ಹೇಳಲಿಲ್ಲ, ತೋಟದ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದೆ. ಮರುದಿನ ರಬ್ಬರಿಗೆ ಒಳ್ಳೆ ಕೆಲಸ.

ಪುಕ್ಕವೇ ಬಾರದ ಮರಿ ಬಿದ್ದಿದ್ದರೆ ಗೂಡಿಗೆ ವಾಪಸ್ ಇಡಬೇಕು. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ, ಹಾಗೇನೂ ಇಲ್ಲ. ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬ, ಹಳೇ ಬಟ್ಟೆ, ಕತ್ತಲು, ಅರಣ್ಯ ಇಲಾಖೆಗೆ ಫೋನು. ಇದಕ್ಕೆಲ್ಲ ಎರಡೇ ಪುಟ ಕೊಟ್ಟೆ. ಬಾಯಿಗೆ ನೀರು ಬಿಡಬಾರದು ಎನ್ನುವುದಕ್ಕೆ ಮಾತ್ರ ಒಂದು ಇಡೀ ಪುಟ. ಹಕ್ಕಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ನೀರು ನೇರ ಅಲ್ಲಿಗೇ ಇಳಿಯಬಹುದು. ತೆರೆದ ಬಾಯಿಯನ್ನೇ ಪುಟ ತುಂಬಾ ಬಿಡಿಸಿದೆವು. ಎಲ್ಲರಿಗೂ ಜಾಸ್ತಿ ಇಷ್ಟವಾದ ಪುಟ ಅದೇ! ಕಾಡುಹಕ್ಕಿಯನ್ನು ಸಾಕುವಂತಿಲ್ಲ ಎನ್ನುವ 1972ರ ವನ್ಯಜೀವಿ ಕಾಯ್ದೆಯ ವಿಷಯವನ್ನು ದೊಡ್ಡವರಿಗೆಂದು ಹಿಂದಿನ ರಟ್ಟಿಗೆ ತಳ್ಳಿದೆ.

ಎ4 ಹಾಳೆ ನಾಲ್ಕನ್ನು ಮಡಚಿದರೆ 16 ಪುಟ. ಸ್ಟೇಪ್ಲರ್ ನಡುವಿನ ಮಡಿಕೆಗೆ ಎಟುಕುವುದಿಲ್ಲ. ದಬ್ಬಳದಲ್ಲಿ ಮೂರು ತೂತು ಮಾಡಿ ದಾರ ಹೊಲಿದೆವು.

ಮುಂದಿನದು ಕುಟ್ರು ಹಕ್ಕಿಯದು ಎಂದು ಮಕ್ಕಳು ತೀರ್ಮಾನಿಸಿದ್ದಾರೆ. ಅದು ಒಣಕೊಂಬೆಯಲ್ಲಿ ಪೊಟರೆ ಕೊರೆಯುತ್ತದೆ, ಮರಗಸಿಯಲ್ಲಿ, ಅಂದರೆ ತೋಟದ ನೆರಳುಮರಗಳ ಕೊಂಬೆ ಸವರುವಾಗ, ಮೊದಲು ಹೋಗುವುದೂ ಒಣಕೊಂಬೆಯೇ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಕೇಳಿದರು, "ಒಣಕೊಂಬೆ ಬಿಟ್ರೆ ಕಾಫಿ ಗಿಡದ ಮೇಲೇ ಬೀಳುತ್ತಲ್ಲ ಮೇಡಂ?" ಮಾತು ನ್ಯಾಯವೇ. ಆ ಕಥೆಯಲ್ಲಿ ಅವರಿಗೂ ಒಂದು ಪಾತ್ರ ಕೊಡಬೇಕು.