ಜಡ್ಡಿನ ಕಾಲದ ಮುಯ್ಯಿ: ಓಣಿಯ ಹತ್ತು ಮನೆಗಳು ಒಂದಕ್ಕೊಂದು ಆಸರೆಯಾಗುವ ಬಗೆ

ಕೊಪ್ಪಳ, ರಾಯಚೂರು ಸೀಮೆಯ ಒಕ್ಕಲುತನದಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇಂದು ನನ್ನ ಹೊಲದ ಕಳೆ ತೆಗೆಯಲು ನಿಮ್ಮ ಮನೆಯವರು ಬಂದರೆ ನಾಡಿದ್ದು ನಿಮ್ಮ ಹೊಲಕ್ಕೆ ನಮ್ಮ ಮನೆಯವರು ಹೋಗುತ್ತಾರೆ. ನಡುವೆ ಹಣದ ಮಾತೂ ಇಲ್ಲ, ಉಪಕಾರದ ಹಂಗೂ ಇಲ್ಲ. 2020 ಮತ್ತು 2021ರ ಕೊರೊನಾ ಅಲೆಗಳನ್ನು ನಮ್ಮ ಓಣಿ ಹೇಗೆ ದಾಟಿತೆಂದು ಯೋಚಿಸಿದಾಗಲೆಲ್ಲ ನನಗೆ ಈ ಪದ್ಧತಿಯೇ ನೆನಪಾಗುತ್ತದೆ. ನಾಳೆ ಬೆಳಿಗ್ಗೆ ಬಾಗಿಲ ಮುಂದೆ ನಿಂತು ಯಾರು ಕೂಗುತ್ತಾರೆ ಎಂಬುದು ಗೊತ್ತಿದ್ದ ಮನೆಗಳಲ್ಲಿ ಜನ ಅಷ್ಟಿಷ್ಟಾದರೂ ನಿದ್ದೆ ಮಾಡಿದರು. ಅಂಥ ಕಾಲ ಮತ್ತೆ ಬಂದರೆ ಆ ಮುಯ್ಯಿಯನ್ನು ಹೊಂದಿಸಿಕೊಳ್ಳುವ ಬಗೆಯನ್ನು, ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಹತ್ತರಿಂದ ಹದಿನೈದು ಮನೆಗಳು ಸಾಕು. ಅದಕ್ಕಿಂತ ಹೆಚ್ಚಾದರೆ ಒಬ್ಬರು ದಿನಕ್ಕೆ ಎರಡು ಬಾರಿ ಸುತ್ತಿ ಬರಲು ಆಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮನೆಗೊಂದು ಪುಟ ಇಟ್ಟು, ಒಂಟಿಯಾಗಿರುವ ವೃದ್ಧರು, ಬಸುರಿ ಬಾಣಂತಿಯರು, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು, ಡಯಾಲಿಸಿಸ್‌ಗೆ ಹೋಗುವವರು ಯಾರೆಂದು ಬರೆದುಕೊಳ್ಳಿ. ಮಾತ್ರೆಯ ಹೆಸರು, ಅದು ಮುಗಿಯುವ ದಿನ, ಬೆಂಗಳೂರಿಗೆ ಗುಳೆ ಹೋದ ಮಕ್ಕಳ ಫೋನ್ ನಂಬರು ಅದೇ ಪುಟದಲ್ಲಿರಲಿ. ನಾವು 2020ರಲ್ಲಿ ಇದನ್ನೆಲ್ಲ ವಾಟ್ಸಾಪ್ ಗುಂಪಿಗೆ ಒಪ್ಪಿಸಿದ್ದೆವು. ಕೀಪ್ಯಾಡ್ ಫೋನಿನ ಅಜ್ಜಿಯೊಬ್ಬರು ಆ ಗುಂಪಿನಲ್ಲೇ ಇರಲಿಲ್ಲ ಎಂಬುದು ಅವರ ಮಾತ್ರೆ ಮುಗಿದು ಆರು ದಿನಗಳಾದ ಮೇಲೆ ತಿಳಿಯಿತು.

ಒಂಟಿ ವೃದ್ಧರ ವಿಷಯದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಂಗಳ. ಕಸ ಗುಡಿಸಿ ನೀರು ಚಿಮುಕಿಸುವುದು ಅವರು ಎಂದೂ ಬಿಡದ ರೂಢಿ. ಬೆಳಿಗ್ಗೆ ಎಂಟು ಗಂಟೆಯಾದರೂ ಅಂಗಳ ಒಣಗಿಯೇ ಇದ್ದರೆ ಎದುರು ಮನೆಯವರು ಹೊರಗೆ ನಿಂತು ಕೂಗಬೇಕೆಂದು ಗೊತ್ತುಮಾಡಿದೆವು. ಇದಕ್ಕೆ ಫೋನ್ ಬೇಕಾಗಿಲ್ಲ, ಕರೆನ್ಸಿಯೂ ಬೇಕಾಗಿಲ್ಲ. ತಮ್ಮನ್ನು ಯಾರೋ ಕಾಯುತ್ತಿದ್ದಾರೆಂಬ ಮುಜುಗರವೂ ಅವರಿಗೆ ಆಗುವುದಿಲ್ಲ.

ಊಟದ ವ್ಯವಸ್ಥೆ ನಮ್ಮ ಸೀಮೆಗೆ ಕಷ್ಟವಲ್ಲ. ಜನವರಿಯಲ್ಲಿ ನಡೆಯುವ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಬಂಡಿಗಟ್ಟಲೆ ಬರುತ್ತದೆ. ಮನೆಗಿಷ್ಟು ಎಂದು ರೊಟ್ಟಿ ಕೂಡಿಸುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವಾರಗಟ್ಟಲೆ ಕೆಡದೆ ಇರುವುದರಿಂದ ಅವನ್ನು ಮುಂಚಿತವಾಗಿಯೇ ಮಾಡಿಡಬಹುದು. ಆದರೆ ಜ್ವರದಿಂದ ನಾಲಿಗೆ ಕೆಟ್ಟವರಿಗೆ, ಗಂಟಲು ನೋಯುವವರಿಗೆ ರೊಟ್ಟಿ ಇಳಿಯುವುದಿಲ್ಲ. ಅವರಿಗೆ ನುಚ್ಚು ಮಜ್ಜಿಗೆ, ಅಂಬಲಿ ಅಥವಾ ಅನ್ನದ ಗಂಜಿ ಕೊಡಬೇಕು. ಏನು ಬೇಕೆಂದು ಕೇಳಿದರೆ ಸಂಕೋಚದಿಂದ ಏನೂ ಬೇಡ ಎನ್ನುತ್ತಾರೆ, ಆದ್ದರಿಂದ ಗಂಜಿ ತರಲೋ ಮಜ್ಜಿಗೆ ತರಲೋ ಎಂದು ಕೇಳುವುದು ಲೇಸು. ಕೊರೊನಾ ಹೆಚ್ಚಾಗಿ ಉಸಿರಿನ ಮೂಲಕ ಹರಡುವ ರೋಗವಾದ್ದರಿಂದ ಪಾತ್ರೆಗೆ ಅಂಜಬೇಕಾಗಿರಲಿಲ್ಲ. ಮಾಸ್ಕ್ ಧರಿಸಿ, ಬಯಲಲ್ಲಿ ನಾಲ್ಕು ಹೆಜ್ಜೆ ದೂರ ನಿಂತು, ಎರಡು ಮಾತನಾಡಿ ಬಂದರೆ ಸಾಕಾಗಿತ್ತು. ಊಟ ಇಟ್ಟು ಓಡಿಬಂದವರಿಗಿಂತ ಆ ಎರಡು ಮಾತನಾಡಿದವರನ್ನೇ ಜನ ಇಂದಿಗೂ ನೆನೆಯುತ್ತಾರೆ.

ಹತ್ತು ಮನೆಗೆ ಸೇರಿ ಒಂದು ಥರ್ಮಾಮೀಟರ್, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ತೋರಿಸುವ ಒಂದು ಪಲ್ಸ್ ಆಕ್ಸಿಮೀಟರ್ ಇರಲಿ. ರೋಗಿ ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಮದರಂಗಿ ಅಥವಾ ನೇಲ್ ಪಾಲಿಶ್ ಇಲ್ಲದ ಬೆರಳಿಗೆ ಆಕ್ಸಿಮೀಟರ್ ಹಾಕಿ, ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯಬೇಕು. ಬಂದ ಅಂಕಿಯನ್ನು ಬೆಳಿಗ್ಗೆ ಮತ್ತು ಸಂಜೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಕೊರೊನಾದಲ್ಲಿ ಅಂಕಿ 94ಕ್ಕಿಂತ ಕೆಳಗಿಳಿದರೆ ಅಥವಾ ಅಂಕಿ ಸರಿಯಿದ್ದರೂ ಉಸಿರಾಟ ಕಷ್ಟವಾದರೆ, ಬೆಳಗಾಗಲಿ ನೋಡೋಣ ಎನ್ನದೆ 108ಕ್ಕೆ ಕರೆ ಮಾಡಬೇಕಿತ್ತು. ಲಕ್ಷಣ ಕಂಡ ಐದನೆಯ ದಿನದಿಂದ ಹತ್ತನೆಯ ದಿನದವರೆಗೆ ಹೆಚ್ಚು ಎಚ್ಚರ ಬೇಕಿತ್ತು, ಏಕೆಂದರೆ ಜ್ವರ ಇಳಿದು ಗುಣವಾಯಿತೆಂದುಕೊಂಡವರಲ್ಲಿಯೇ ಕೆಲವರು ಆಗ ಕುಸಿದರು. 2021ರ ಮೇ ತಿಂಗಳಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ 1000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯನ್ನು ಕಟ್ಟಿ, ಕಾರ್ಖಾನೆಯ ಆಮ್ಲಜನಕವನ್ನೇ ಅಲ್ಲಿಗೆ ಕೊಡುವ ವ್ಯವಸ್ಥೆ ಮಾಡಲಾಯಿತು. ಆಮ್ಲಜನಕ ನಮ್ಮ ಸೀಮೆಯಲ್ಲೇ ತಯಾರಾಗುತ್ತಿದ್ದರೂ ಮನೆಯಿಂದ ಹೊರಡಲು ತಡಮಾಡಿದವರಿಗೆ ಅದು ದಕ್ಕಲಿಲ್ಲ. ಮುಂದೆ ಬರುವ ರೋಗದ ಲಕ್ಷಣ ಬೇರೆಯಾಗಿರಬಹುದು. ಆಗ ಯಾವ ಅಂಕಿಗೆ ಹೊರಡಬೇಕೆಂಬುದನ್ನು ಆಶಾ ಕಾರ್ಯಕರ್ತೆಯಿಂದಲೋ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೋ ಮೊದಲ ವಾರದಲ್ಲೇ ಕೇಳಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.

ಸುದ್ದಿಯ ವಿಷಯ ಚಿಕ್ಕದು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ದಾಖಲಾದಾಗ ಹಬ್ಬಿದ ಭಯವನ್ನು ನಮ್ಮ ಭಾಗದವರು ಮರೆತಿರಲಾರರು. ಇಡೀ ದಿನ ಟಿವಿ ಹಚ್ಚಿ ಕೂರುವ ಬದಲು, ಒಬ್ಬರು ಸಂಜೆ ಒಮ್ಮೆ ಜಿಲ್ಲಾಡಳಿತದ ಪ್ರಕಟಣೆಯನ್ನು ಓದಿ, ಸತ್ತವರ ಜತೆಗೆ ಗುಣವಾದವರ ಲೆಕ್ಕವನ್ನೂ ಹೇಳಲಿ. ಲಸಿಕೆಗೆ ಅಂಜುವವರನ್ನು ಬೈದು ಒಪ್ಪಿಸಲು ಆಗುವುದಿಲ್ಲ. ಹಾಕಿಸಿಕೊಂಡ ಹಿರಿಯರೊಬ್ಬರು ನಾಲ್ಕು ದಿನ ಕಟ್ಟೆಯ ಮೇಲೆ ಕುಳಿತು ಎಂದಿನಂತೆ ಎಲೆಅಡಿಕೆ ಹಾಕಿಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ.

ಗುಳೆ ಹೋದವರು ಮರಳುವಾಗ ಏನು ಮಾಡಬೇಕೆಂಬುದನ್ನು ಅವರು ಬರುವ ಮೊದಲೇ ತೀರ್ಮಾನಿಸಿರಬೇಕು. 2020ರ ಮಾರ್ಚ್ ಕೊನೆಯಲ್ಲಿ ಎಷ್ಟೋ ಊರುಗಳ ದಾರಿಗೆ ಜಾಲಿಮುಳ್ಳು ಬಿದ್ದವು. ಹುಟ್ಟಿದ ಊರಿನ ಅಗಸೆಯಲ್ಲೇ ಜನ ಮಕ್ಕಳನ್ನು ಕಟ್ಟಿಕೊಂಡು ಬಿಸಿಲಲ್ಲಿ ನಿಂತರು. ಹಿಂದೆ ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡು ಇರುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು; ಅಲ್ಲಿ ಎಲ್ಲರೂ ಕೂಡಿ ಹೊರಗಿದ್ದರು, ಇಲ್ಲಿ ಕೆಲವರನ್ನಷ್ಟೇ ಹೊರಗಿಟ್ಟರು. ಬರುವವರಿಗೆ ಶಾಲೆಯ ಕೋಣೆಯೋ ತೋಟದ ಮನೆಯೋ ಸಿದ್ಧವಿರಲಿ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚದ ಅನುಕೂಲ, ಎರಡು ಹೊತ್ತಿನ ರೊಟ್ಟಿ ಇರಲಿ, ಮತ್ತು ಎಷ್ಟನೆಯ ದಿನ ಮನೆಗೆ ಹೋಗಬಹುದೆಂಬುದನ್ನು ಬಂದ ದಿನವೇ ಹೇಳಿ. ದಿನ ಗೊತ್ತಿದ್ದವರು ತಾಳ್ಮೆಯಿಂದ ಇರುತ್ತಾರೆ. ಅವರಿಗೆ ಕೆಲಸದ ಚಿಂತೆಯೂ ಇರುತ್ತದೆ. 2020-21ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 275 ರೂಪಾಯಿ ಇತ್ತು; ಕೆಲಸ ಬೇಡುವ ನಮೂನೆ-6ನ್ನು ಯಾರಾದರೂ ಓದು ಬಲ್ಲವರು ಕುಳಿತು ತುಂಬಿಕೊಟ್ಟಲ್ಲಿ ಎಷ್ಟೋ ಮನೆಗಳು ಸಾಲಕ್ಕೆ ಬೀಳದೆ ಉಳಿದವು.

ಎಲ್ಲಕ್ಕಿಂತ ಕಷ್ಟದ್ದು ಸಾವು. ನಮ್ಮಲ್ಲಿ ವೈರಿಯಾದರೂ ಮಣ್ಣಿಗೆ ಹೋಗುವುದನ್ನು ತಪ್ಪಿಸುವುದಿಲ್ಲ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಿಂದ ಹೊರಬಂದ ವಿಡಿಯೋದಲ್ಲಿ ಶವಗಳನ್ನು ಗುಂಡಿಗೆ ಎಸೆಯುವುದನ್ನು ಕಂಡು ನಾಡೆಲ್ಲ ತಲ್ಲಣಿಸಿತು, ಜಿಲ್ಲಾಡಳಿತ ಕ್ಷಮೆ ಕೇಳಿತು. ಆದ್ದರಿಂದ ಸುರಕ್ಷತೆಯ ನಿಯಮ ತಿಳಿದ, ಗಟ್ಟಿ ಮನಸ್ಸಿನ ನಾಲ್ವರನ್ನು ಮೊದಲೇ ಗೊತ್ತುಮಾಡಿ. ಹೋಗಲಾರದ ಮಕ್ಕಳಿಗೆ ವಿಡಿಯೋ ಕರೆಯಲ್ಲಿ ಕೊನೆಯ ಬಾರಿ ಮುಖ ತೋರಿಸುವ ಹೊಣೆ ಅವರಲ್ಲೊಬ್ಬರದಾಗಿರಲಿ. ಸಾವಿನ ಮನೆಗೆ ಬುತ್ತಿ ಎಂದಿನಂತೆಯೇ ಹೋಗಬೇಕು. ರೋಗ ಹೇಗೆ ತಗುಲಿತು, ಎಲ್ಲಿ ತಿರುಗಿದ್ದರು ಎಂದು ಯಾರೂ ಕೇಳಬಾರದು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಪಿಂಚಣಿಗೂ ಪರಿಹಾರಕ್ಕೂ ಆ ಪತ್ರ ಬೇಕಾಗುವುದರಿಂದ ಇದನ್ನು ದುಃಖದಲ್ಲಿರುವ ಮನೆಯವರ ಮೇಲೆ ಬಿಡದೆ ಓಣಿಯವರೇ ಮಾಡಿಸಿಕೊಡಿ.

ಎದೆಗುಂದಿದವರನ್ನು ಗುರುತಿಸುವುದು ಜ್ವರ ನೋಡಿದಷ್ಟು ಸುಲಭವಲ್ಲ. ನಿದ್ದೆ ಬಿಟ್ಟವರು, ಮಾತು ಬಿಟ್ಟವರು, ನಾನಿದ್ದು ಏನು ಮಾಡಲಿ ಎನ್ನುವವರು ಕಂಡರೆ ಬುದ್ಧಿ ಹೇಳದೆ ಬಳಿಯಲ್ಲಿ ಕುಳಿತು ಕೇಳಿ, ಒಂಟಿಯಾಗಿ ಬಿಡಬೇಡಿ. ಹಗಲಿರುಳೆನ್ನದೆ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ನೀವೇ ಕರೆ ಹಚ್ಚಿ ಫೋನನ್ನು ಅವರ ಕೈಗೆ ಕೊಡಿ. ಆ ಕರೆಗೆ ಹಣವಿಲ್ಲ. ಸುತ್ತುವವರಿಗೂ ದಣಿವಾಗುತ್ತದೆ ಎಂಬುದನ್ನು ನಾವು ತಡವಾಗಿ ಅರಿತೆವು. ಏಳು ದಿನ ಸುತ್ತಿದವರಿಗೆ ಎಂಟನೆಯ ದಿನ ಕಡ್ಡಾಯ ಬಿಡುವು ಕೊಟ್ಟು, ಅವರ ಮನೆಯ ಅಡುಗೆ ಅಂದು ಬೇರೆಯವರದಾಗಬೇಕು. ಮುಯ್ಯಿ ಎಂದರೆ ಇದೇ ತಾನೇ. 40 ಡಿಗ್ರಿಗೂ ಮೀರಿದ ಬಿಸಿಲಲ್ಲಿ ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಗೆ ನೆರಳಲ್ಲೊಂದು ಕುರ್ಚಿ, ಒಂದು ತಂಬಿಗೆ ಮಜ್ಜಿಗೆ ಕೊಡುವುದೂ ಈ ಲೆಕ್ಕದಲ್ಲಿಯೇ ಬರಲಿ.

ರೋಗ ಇಳಿದ ಮೇಲೆ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ಪ್ರತಿ ಯುಗಾದಿಗೆ, ಬೇವು ಬೆಲ್ಲ ಹಂಚಲು ಹೋದಾಗಲೇ, ಫೋನ್ ನಂಬರುಗಳನ್ನೂ ಮಾತ್ರೆಯ ಹೆಸರುಗಳನ್ನೂ ತಿದ್ದಿಕೊಳ್ಳಿ. ಆಕ್ಸಿಮೀಟರಿನ ಸೆಲ್‌ಗಳನ್ನು ಒಳಗೇ ಬಿಟ್ಟರೆ ಸೋರಿ ಯಂತ್ರ ಹಾಳಾಗುತ್ತದೆ. ನಮ್ಮದು ಹಾಗೆಯೇ ಹಾಳಾಯಿತು. ಸೆಲ್ ತೆಗೆದು, ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ, ಯಾರ ಮನೆಯ ಯಾವ ಗೂಡಿನಲ್ಲಿದೆ ಎಂಬುದನ್ನು ಕೊನೆಯ ಪುಟದಲ್ಲಿ ಬರೆದಿಡಿ.