ಬೆಳಕಲ್ಲಿ ದುಡಿಯುವ ಪಾಲಿಮರ್ ಕಣ: ದ್ರಾವಕಕ್ಕೆ ಒಗ್ಗಿಸುವುದು ಹೇಗೆ?

ಬೆಳಕಿನಿಂದ ಕೆಲಸ ಮಾಡುವ ವೇಗವರ್ಧಕ ಎಂದರೆ ಮೊದಲು ನೆನಪಾಗುವುದು ಟೈಟಾನಿಯಂ ಡೈಆಕ್ಸೈಡ್. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ನೀರನ್ನು ಒಡೆದು ತೋರಿಸಿದ್ದು ಅದನ್ನೇ ಬಳಸಿ. ಆದರೆ ಅದು ಅತಿನೇರಳೆ ಕಿರಣಕ್ಕಷ್ಟೇ ಜಗ್ಗುತ್ತದೆ. ಕಾಂಜುಗೇಟೆಡ್ ಪಾಲಿಮರ್‌ಗಳಿಗೆ, ಅಂದರೆ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುವ ಉದ್ದನೆಯ ಅಣು ಸರಪಳಿಗಳಿಗೆ, ನೀಲಿ, ಹಸಿರು ಬೆಳಕೂ ಸಾಕು. ಅವುಗಳ ತೊಡಕೇ ಬೇರೆ. ಅವುಗಳಿಂದ ಮಾಡಿದ, ನೀರಲ್ಲಿ ಹಾಯಾಗಿ ತೇಲುವ ನ್ಯಾನೊ ಕಣ ಟಾಲುಯೀನ್ ಎಂಬ ಸಾವಯವ ದ್ರಾವಕಕ್ಕೆ ಬಿದ್ದರೆ ಕರಗಿಯೇ ಹೋಗಬಹುದು!

ಕಣ ಇಷ್ಟು ಚಿಕ್ಕದು ಯಾಕೆ? ಬೆಳಕು ಬಿದ್ದಾಗ ಪಾಲಿಮರ್ ಒಳಗೆ ಹುಟ್ಟುವ ಎಕ್ಸಿಟಾನ್ (ಧನ, ಋಣ ಚಾರ್ಜ್‌ಗಳ ಅಂಟಿಕೊಂಡ ಜೋಡಿ) ಸುಮಾರು 10 ನ್ಯಾನೊಮೀಟರ್ ಸಾಗುವಷ್ಟರಲ್ಲಿ ಆರಿಹೋಗುತ್ತದೆ. ಮೇಲ್ಮೈ ಹತ್ತಿರವಿದ್ದರೆ ತಾನೇ ಅದರಿಂದ ಉಪಯೋಗ?

ಮೊದಲು ನೀರಿಗೆ ಬೇಕಾದ ಕಣ ಮಾಡೋಣ. ಇದು ಪ್ರಯೋಗಾಲಯದ ಕೆಲಸ, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಆಗಬೇಕು. ಪಾಲಿಮರನ್ನು ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್) ಎಂಬ ದ್ರಾವಕದಲ್ಲಿ ತುಂಬಾ ತೆಳುವಾಗಿ ಕರಗಿಸಿ. ಶಬ್ದದಲೆಗಳಿಂದ ಕಲಕುವ ಸೋನಿಕೇಟರ್ ಓಡುತ್ತಿರುವಾಗಲೇ ಸಿರಿಂಜಿನಿಂದ ಒಮ್ಮೆಲೇ ನೀರಿಗೆ ಚುಚ್ಚಿ. ನೀರು ಕಂಡೊಡನೆ ಪಾಲಿಮರ್ ಸರಪಳಿಗಳು ಮುದುಡಿ ಉಂಡೆಯಾಗುತ್ತವೆ. ನಿಧಾನಕ್ಕೆ ಸುರಿದರೆ ಉಂಡೆ ದಪ್ಪವಾಗುತ್ತದೆ. ಆಮೇಲೆ ಸಾರಜನಕ ಹಾಯಿಸಿ ಟಿಎಚ್‌ಎಫ್ ಓಡಿಸಿ. ಹಳೆಯ ಬಾಟಲಿಯ ಟಿಎಚ್‌ಎಫ್‌ನಲ್ಲಿ ಪೆರಾಕ್ಸೈಡ್ ಕಟ್ಟಿರಬಹುದು, ಅದನ್ನು ಆವಿ ಮಾಡಲು ಹೋಗಬೇಡಿ, ಸಿಡಿಯುವ ಅಪಾಯವಿದೆ.

ಟಾಲುಯೀನ್, ಕ್ಲೋರೋಫಾರ್ಮ್‌ನಲ್ಲಿ ಬಳಸುವುದಾದರೆ ಈ ದಾರಿ ಸಾಲದು. ಅಲ್ಲಿ ಸರಪಳಿಯ ಬದಲು ಬಲೆ ಬೇಕು. ಮೂರು ತೋಳಿನ ಮಾನೋಮರ್ (ಪಾಲಿಮರ್ ಕಟ್ಟುವ ಚಿಕ್ಕ ಅಣು) ಸೇರಿಸಿ, ಎಮಲ್ಷನ್‌ನ, ಅಂದರೆ ಒಂದು ದ್ರವದಲ್ಲಿ ಬೆರೆಯದೆ ತೇಲುವ ಇನ್ನೊಂದು ದ್ರವದ, ಸಣ್ಣ ಹನಿಗಳ ಒಳಗೇ ಪಾಲಿಮರ್ ಕಟ್ಟುತ್ತಾರೆ. ಇಂಥ ಕಣ ದ್ರಾವಕ ಹೀರಿ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಉಬ್ಬಿದರೆ ಒಳ್ಳೆಯದೇ, ಕಚ್ಚಾವಸ್ತು ಒಳಗಿನ ತನಕ ನುಗ್ಗುತ್ತದೆ. ಮೈಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಳೆಗಳನ್ನು ನೆಟ್ಟರೆ ಒಂದೇ ಕಣ ನೀರು, ಅಸಿಟೊನೈಟ್ರೈಲ್, ಟಾಲುಯೀನ್ ಮೂರರಲ್ಲೂ ಹರಡಿಕೊಳ್ಳುವ ಸಾಧ್ಯತೆ ಜಾಸ್ತಿ. ಹೆಕ್ಸೇನ್‌ನಲ್ಲಿ ಮಾತ್ರ ಆ ಎಳೆಗಳು ಮುದುಡಿಕೊಳ್ಳುತ್ತವೆ.

ಇನ್ನು ಪರೀಕ್ಷೆ. ಥಯೋಅನಿಸೋಲ್ ಎಂಬ ಗಂಧಕದ ಸಂಯುಕ್ತ ಹಾಕಿ, ಆಮ್ಲಜನಕ ಹಾಯಿಸಿ, ನೀಲಿ ಎಲ್‌ಇಡಿ ಹಚ್ಚಿ. ಅದು ಆಮ್ಲಜನಕ ಸೇರಿ ಸಲ್ಫಾಕ್ಸೈಡ್ ಎಷ್ಟಾಯಿತು ಎಂದು ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ನೋಡಿ. ದ್ರಾವಕ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಅದಕ್ಕೆ ಕಣವನ್ನೇ ದೂರಬೇಡಿ. ಬೆಳಕಿನ ಶಕ್ತಿ ಪಡೆದು ಚುರುಕಾಗಿ ಈ ಕ್ರಿಯೆಯಲ್ಲಿ ಪಾಲ್ಗೊಳ್ಳುವ ಸಿಂಗ್ಲೆಟ್ ಆಮ್ಲಜನಕ ನೀರಲ್ಲಿ ನಾಲ್ಕು ಮೈಕ್ರೊಸೆಕೆಂಡೂ ಬಾಳುವುದಿಲ್ಲ, ಅಸಿಟೊನೈಟ್ರೈಲ್‌ನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಬಾಳುತ್ತದೆ. ಧನ, ಋಣ ಚಾರ್ಜ್‌ಗಳು ಬೇರೆಯಾಗಬೇಕಾದ ಕ್ರಿಯೆಗಳಲ್ಲಿ ನೀರೇ ವಾಸಿ: ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ಚಾರ್ಜ್‌ಗಳ ನಡುವಿನ ಸೆಳೆತ ತಗ್ಗಿಸುವ ಗುಣದ ಅಳತೆ) ಸುಮಾರು 80, ಟಾಲುಯೀನ್‌ನದು ಬರೀ 2.4.

ಕತ್ತಲಲ್ಲಿ ಒಂದು, ಕಣವಿಲ್ಲದೆ ಒಂದು, ಆಮ್ಲಜನಕವಿಲ್ಲದೆ ಒಂದು ಪ್ರಯೋಗ ಮಾಡಲೇಬೇಕು. ಬೇಜಾರಿನ ಕೆಲಸ ನಿಜ, ಆದರೆ ಇವಿಲ್ಲದ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಕೊನೆಗೆ ಸೆಂಟ್ರಿಫ್ಯೂಜ್‌ನಲ್ಲಿ ಕಣಗಳನ್ನು ಕೆಳಗಿಳಿಸಿ, ಮೇಲಿನ ತಿಳಿಗೆ ಹೊಸದಾಗಿ ಥಯೋಅನಿಸೋಲ್ ಹಾಕಿ ಬೆಳಕಿಗಿಡಿ. ಅಲ್ಲೂ ಕ್ರಿಯೆ ಜೋರಾಗಿ ನಡೆದರೆ ಪಾಲಿಮರ್ ಸೋರಿದೆ ಎಂಬ ಅನುಮಾನ ಬರಬೇಕು. ಬಲೆ ಇನ್ನೂ ಬಿಗಿಯಾಗಬೇಕು, ಮತ್ತೆ ಮಾನೋಮರ್ ಹತ್ತಿರವೇ ಹೋಗಬೇಕು.